ಎಷ್ಟು ಲೋಟ ಹಾಲು?

"ಆ ವಾರ ನಿಮ್ಮ ಮಗು ದಿನಕ್ಕೆ ಎಷ್ಟು ಲೋಟ ಹಾಲು ಕುಡಿಯುತ್ತಿತ್ತು?"

ಕೇಳುವುದಕ್ಕೆ ತೀರ ಸಾಧಾರಣ ಪ್ರಶ್ನೆ. ನಮ್ಮೂರಿನ ಮಕ್ಕಳ ಡಾಕ್ಟರು ದಿನಕ್ಕೆ ಹತ್ತು ಜನ ತಾಯಂದಿರನ್ನಾದರೂ ಹೀಗೆ ಕೇಳುತ್ತಿರುತ್ತಾರೆ. ತಾಯಂದಿರೂ ಥಟ್ಟನೆ ಉತ್ತರ ಕೊಡುತ್ತಾರೆ. ಆದರೆ ಇದೇ ಪ್ರಶ್ನೆಯನ್ನು ಹನ್ನೆರಡು, ಹದಿನಾಲ್ಕು ವರ್ಷ ಕಳೆದ ಮೇಲೆ ಕೇಳಿದರೆ? ಗುರುತಿಲ್ಲದವರೊಬ್ಬರು ಕಾಗದ ಪೆನ್ನು ಹಿಡಿದು ಎದುರಿಗೆ ಕುಳಿತು, ಹಾಲು ಯಾರ ಹಸುವಿನದು, ಮನೆಯದೋ ಅಂಗಡಿಯದೋ, ಯಾವ ತಾರೀಖಿಗೆ ನಿಲ್ಲಿಸಿದಿರಿ, ಸೊಪ್ಪು ಏನಾದರೂ ತಿನ್ನಿಸಿದಿರಾ ಎಂದು ಒಂದೊಂದಾಗಿ ಕೇಳುತ್ತಾ ಹೋದರೆ? ಉಕ್ರೇನ್ ಮತ್ತು ಬೆಲಾರುಸ್ ದೇಶಗಳ ಸಾವಿರಾರು ತಾಯಂದಿರು 1990ರ ದಶಕದ ಕೊನೆಯಿಂದೀಚೆಗೆ ಇಂಥ ಪ್ರಶ್ನೆಗಳಿಗೆ ಉತ್ತರ ಹೇಳಿದ್ದಾರೆ. ಅವರು ಹೇಳಿದ ಲೋಟಗಳ ಲೆಕ್ಕವನ್ನು ನಂಬಿಕೊಂಡು ದೊಡ್ಡ ದೊಡ್ಡ ವೈದ್ಯಕೀಯ ಅಧ್ಯಯನಗಳು ನಡೆದಿವೆ. ಕೆಲವು ದಿನಗಳಿಂದ ಈ ವಿಷಯ ನನ್ನ ತಲೆಯಲ್ಲಿ ಕೂತುಬಿಟ್ಟಿದೆ. ಒಬ್ಬ ತಾಯಿಯನ್ನು ಹಾಗೆ ಕೇಳುವುದು ಸರಿಯೇ? ಕೇಳದೆ ಬಿಡುವುದಾದರೂ ಸರಿಯೇ?

ನಾನು ವಿಜ್ಞಾನ ಓದಿದವಳಲ್ಲ. ಬಿ.ಎ., ಬಿ.ಎಡ್. ಮುಗಿಸಿ ಹೈಸ್ಕೂಲಿನಲ್ಲಿ ಕನ್ನಡವನ್ನೂ ಸಮಾಜ ವಿಜ್ಞಾನವನ್ನೂ ಪಾಠ ಮಾಡುತ್ತಾ ಬಂದವಳು. ಕತ್ತಿನಲ್ಲಿ ಥೈರಾಯ್ಡ್ ಎಂಬ ಗ್ರಂಥಿಯೊಂದಿದೆ ಎಂದು ಓದಿ ಗೊತ್ತಿತ್ತು. ಅದರ ಪರಿಚಯ ಚೆನ್ನಾಗಿ ಆದದ್ದು ನನ್ನದೇ ಗ್ರಂಥಿ ಮುಷ್ಕರ ಹೂಡಿದ ಮೇಲೆ. ಬೆಳಿಗ್ಗೆ ಬರಿಹೊಟ್ಟೆಯಲ್ಲಿ ಥೈರಾಯ್ಡ್ ಮಾತ್ರೆ ನುಂಗಿ ಶಾಲೆಗೆ ಬರುವ ಹೆಂಗಸರು ನಮ್ಮ ಸ್ಟಾಫ್ ರೂಮಿನಲ್ಲಿ ನಾಲ್ಕು ಜನ ಇದ್ದೇವೆ. ಒಂದು ಮಧ್ಯಾಹ್ನ ಊಟದ ಡಬ್ಬಿ ಬಿಚ್ಚಿಕೊಂಡು ಇದೇ ಮಾತಾಡುತ್ತಿದ್ದಾಗ ವಿಜ್ಞಾನದ ಟೀಚರು ಚೆರ್ನೋಬಿಲ್ ವಿಷಯ ಎತ್ತಿದರು. ಆಮೇಲೆ ನಾನೇ ಅಲ್ಲಿ ಇಲ್ಲಿ ಹುಡುಕಿ ಓದಿದೆ. ಅರ್ಥವಾಗದ ಕಡೆ ಅವರನ್ನು ಪೀಡಿಸಿ ಹೇಳಿಸಿಕೊಂಡೆ. ಲೆಕ್ಕದ ಮಾತು ಬಂದಾಗ ನನಗೆ ತಿಳಿದಷ್ಟು ಸರಳವಾಗಿ ಹೇಳುತ್ತೇನೆ.

ಥೈರಾಯ್ಡಿಗೆ ಅಯೋಡಿನ್ ಬೇಕು. ಊಟದಲ್ಲಿ ಬಂದ ಅಯೋಡಿನ್ನನ್ನು ಅದು ರಕ್ತದಿಂದ ಹೀರಿ ಕೂಡಿಟ್ಟುಕೊಳ್ಳುತ್ತದೆ. ಒಳ್ಳೆಯ ಅಯೋಡಿನ್ ಯಾವುದು, ವಿಕಿರಣ ಸೂಸುವ ಅಯೋಡಿನ್ ಯಾವುದು ಎಂಬ ಭೇದ ಅದಕ್ಕೆ ತಿಳಿಯದು. ಬಾಗಿಲಿಗೆ ಬಂದವರನ್ನೆಲ್ಲ ಒಳಗೆ ಕರೆಯುವ ಮುಗ್ಧ ಹೆಂಗಸಿನ ಹಾಗೆ. 1986ರ ಏಪ್ರಿಲ್ 26ರ ನಡುರಾತ್ರಿ ಕಳೆದು 1 ಗಂಟೆ 23 ನಿಮಿಷಕ್ಕೆ, ಆಗ ಸೋವಿಯತ್ ಒಕ್ಕೂಟದಲ್ಲಿದ್ದ ಉಕ್ರೇನಿನ ಚೆರ್ನೋಬಿಲ್ ಅಣುಸ್ಥಾವರದ ನಾಲ್ಕನೆಯ ರಿಯಾಕ್ಟರು ಸಿಡಿಯಿತು. ಹೊರಗೆ ಬಂದ ನಾನಾ ವಿಷಗಳಲ್ಲಿ ಅಯೋಡಿನ್-131 ಎನ್ನುವುದೂ ಒಂದು. ಅದು ಗಾಳಿಯಲ್ಲಿ ಹೋಗಿ ಹುಲ್ಲಿನ ಮೇಲೆ ಕೂತಿತು. ಆ ಸೀಮೆಯಲ್ಲಿ ಚಳಿಗಾಲ ಮುಗಿದು ಹಸುಗಳನ್ನು ಹೊರಗೆ ಮೇಯಲು ಬಿಡುವ ಕಾಲ ಅದು. ಹಸು ಹುಲ್ಲು ಮೇಯಿತು, ಅಯೋಡಿನ್ ಹಾಲಿಗಿಳಿಯಿತು, ಹಾಲನ್ನು ಮಕ್ಕಳು ಕುಡಿದವು. ಹಾಲಿನ ಬಣ್ಣ ಬದಲಾಗಲಿಲ್ಲ, ರುಚಿ ಕೆಡಲಿಲ್ಲ, ಒಡೆಯಲೂ ಇಲ್ಲ.

ಮಕ್ಕಳ ಮಾತು ಬೇರೆಯಾಗಿ ಹೇಳಬೇಕು. ದೊಡ್ಡವರ ಥೈರಾಯ್ಡ್ ಸುಮಾರು ಇಪ್ಪತ್ತು ಗ್ರಾಂ ತೂಗುತ್ತದೆ. ಹಸುಗೂಸಿನದು ಎರಡು ಗ್ರಾಂನಷ್ಟೂ ಇರುವುದಿಲ್ಲ. ಅಷ್ಟೇ ವಿಷ ಹತ್ತನೆಯ ಒಂದು ಪಾಲು ಮಾಂಸದ ಮೇಲೆ ಬಿದ್ದರೆ ಏಟು ಹತ್ತು ಪಾಲು. ಅದರ ಮೇಲೆ, ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹಾಲು ಕುಡಿಯುವುದೂ ಮಕ್ಕಳೇ. ಆ ಪ್ರದೇಶದ ಮಣ್ಣಿನಲ್ಲಿ, ನೀರಿನಲ್ಲಿ ಅಯೋಡಿನ್ ಮೊದಲೇ ಕಡಮೆ. ಹಸಿದ ಗ್ರಂಥಿ ಸಿಕ್ಕಿದ್ದನ್ನು ಇನ್ನಷ್ಟು ಆತುರದಿಂದ ಬಾಚಿಕೊಳ್ಳುತ್ತದೆ. ನಮ್ಮ ದೇಶದಲ್ಲೂ ಹಿಮಾಲಯದ ತಪ್ಪಲಿನ ಕಾಂಗ್ರಾ ಕಣಿವೆಯಲ್ಲಿ ಗಳಗಂಡ ಮನೆಮನೆಯಲ್ಲಿತ್ತು, 1956ರಲ್ಲಿ ಡಾ. ವಿ. ರಾಮಲಿಂಗಸ್ವಾಮಿಯವರು ಅಲ್ಲಿ ಅಯೋಡಿನ್ ಬೆರೆಸಿದ ಉಪ್ಪಿನ ಪ್ರಯೋಗ ಆರಂಭಿಸಿದ್ದರಿಂದಲೇ ಇವತ್ತು ನಮ್ಮ ಅಡಿಗೆಮನೆಯ ಉಪ್ಪಿನ ಪೊಟ್ಟಣದ ಮೇಲೆ ಆ ಹೆಸರು ಅಚ್ಚಾಗಿದೆ. ಉಪ್ಪಿಗೆ ಕೈ ಹಾಕುವಾಗ ಯಾರು ಇದನ್ನೆಲ್ಲ ನೆನೆಯುತ್ತಾರೆ!

ಈ ಹಾಲಿನ ದಾರಿ 1986ಕ್ಕೆ ಮೊದಲು ಯಾರಿಗೂ ಗೊತ್ತಿರಲಿಲ್ಲವೇ? ಗೊತ್ತಿತ್ತು. 1957ರ ಅಕ್ಟೋಬರಿನಲ್ಲಿ ಇಂಗ್ಲೆಂಡಿನ ವಿಂಡ್‌ಸ್ಕೇಲ್ ಎಂಬಲ್ಲಿ ರಿಯಾಕ್ಟರಿಗೆ ಬೆಂಕಿ ಬಿದ್ದಾಗ ಸುತ್ತಲಿನ ಸುಮಾರು 500 ಚದರ ಕಿಲೋಮೀಟರ್ ಪ್ರದೇಶದ ಹಾಲನ್ನು ವಾರಗಟ್ಟಲೆ ಚೆಲ್ಲಿಸಿದರು. ಚೆರ್ನೋಬಿಲ್ ಆದಾಗ ಪಕ್ಕದ ಪೋಲೆಂಡ್ ದೇಶ ಏಪ್ರಿಲ್ 29ರಿಂದಲೇ ಸುಮಾರು ಒಂದು ಕೋಟಿ ಮಕ್ಕಳಿಗೆ ಅಯೋಡಿನ್ ಕುಡಿಸಿತು; ಒಳ್ಳೆಯ ಅಯೋಡಿನ್ ಮೊದಲೇ ಹೊಟ್ಟೆಗೆ ಬಿದ್ದರೆ ಗ್ರಂಥಿ ತುಂಬಿ, ಕೆಟ್ಟದ್ದಕ್ಕೆ ಜಾಗ ಉಳಿಯುವುದಿಲ್ಲ. ಆದರೆ ಅಪಘಾತ ನಡೆದ ನಾಡಿನಲ್ಲೇ ಜನಕ್ಕೆ ಸುದ್ದಿ ತಡವಾಯಿತು. ಸ್ಥಾವರದ ಪಕ್ಕದ ಪ್ರಿಪ್ಯಾತ್ ಊರಿನಲ್ಲಿ ಮಾತ್ರೆ ಹಂಚಿದರು. 27ರ ಮಧ್ಯಾಹ್ನ ಅಲ್ಲಿನ ಸುಮಾರು 49,000 ಜನರನ್ನು ಬಸ್ಸು ಹತ್ತಿಸಿದರು. ಹಳ್ಳಿಗಳಿಗೆ ಅಷ್ಟು ಅದೃಷ್ಟವಿರಲಿಲ್ಲ. 28ರ ಬೆಳಿಗ್ಗೆ ದೂರದ ಸ್ವೀಡನ್ನಿನ ಫೋರ್ಸ್‌ಮಾರ್ಕ್ ಸ್ಥಾವರದಲ್ಲಿ ನೌಕರನೊಬ್ಬನ ಬೂಟಿಗೆ ವಿಕಿರಣ ಅಂಟಿರುವುದು ಪತ್ತೆಯಾಗಿ ಗುಲ್ಲೆದ್ದ ಮೇಲೆ, ಆ ರಾತ್ರಿ ಮಾಸ್ಕೋ ಟಿ.ವಿ.ಯಲ್ಲಿ ನಾಲ್ಕು ಸಾಲಿನ ಒಂದು ಪ್ರಕಟಣೆ ಬಂತು. ಮೇ 1ರಂದು ಕೀವ್ ನಗರದಲ್ಲಿ ಮಕ್ಕಳು ಬಾವುಟ ಹಿಡಿದು ಮೆರವಣಿಗೆಯಲ್ಲಿ ನಡೆದರು. ಹಾಲಿನಲ್ಲಿ ಅಯೋಡಿನ್-131 ಇಷ್ಟಕ್ಕಿಂತ ಹೆಚ್ಚಿರಬಾರದು ಎಂಬ ಮಿತಿಯನ್ನು, ಲೀಟರಿಗೆ 3,700 ಬೆಕೆರೆಲ್ ಎಂದು, ಗೊತ್ತುಮಾಡಿದ್ದು ಮೇ 6ಕ್ಕೆ. ಅಷ್ಟರಲ್ಲಿ ಹತ್ತು ದಿನ ಕಳೆದಿತ್ತು. ಆ ಮಿತಿಯೂ ಡೈರಿಯ ಹಾಲಿಗೆ ಲಗಾವಾಗಬಹುದು. ಕೊಟ್ಟಿಗೆಯಲ್ಲಿ ಹಸು ಕಟ್ಟಿಕೊಂಡ ಮನೆಯ ಚೊಂಬಿನ ಹಾಲನ್ನು ಯಾರು ಅಳೆಯುತ್ತಾರೆ?

ಇನ್ನು ನನ್ನನ್ನು ಬಹಳ ಕಾಡಿದ ಸಂಗತಿಗೆ ಬರುತ್ತೇನೆ. ಅಯೋಡಿನ್-131ಕ್ಕೆ ಎಂಟು ದಿನದ ಲೆಕ್ಕ. ಎಂಟು ದಿನಕ್ಕೆ ಅರ್ಧವಾಗುತ್ತದೆ, ಹದಿನಾರು ದಿನಕ್ಕೆ ಕಾಲು, ಎಂಬತ್ತು ದಿನಕ್ಕೆ ಸಾವಿರದಲ್ಲಿ ಒಂದು ಪಾಲು. ಆಮೇಲೆ ಎಂಥ ಯಂತ್ರ ತಂದು ಮಗುವಿನ ಕತ್ತಿಗೆ ಹಿಡಿದರೂ ಏನೂ ಕಾಣುವುದಿಲ್ಲ. ಕಳ್ಳ ಬಂದು ಹೋದ. ಹೆಜ್ಜೆ ಗುರುತು ಎರಡು ತಿಂಗಳಲ್ಲಿ ಅಳಿಸಿಹೋಯಿತು. ಅವನು ಕದ್ದದ್ದು ಗೊತ್ತಾಗುವುದು ಮಾತ್ರ ಐದು, ಹತ್ತು, ಇಪ್ಪತ್ತು ವರ್ಷದ ಮೇಲೆ. ಹಾಗಾಗಿ ಅಳೆಯುವುದಾದರೆ ಆ ಮೇ, ಜೂನ್ ತಿಂಗಳಲ್ಲೇ ಅಳೆಯಬೇಕಿತ್ತು. ಅಳೆದರು ಕೂಡ. ಮೂರು ಗಣರಾಜ್ಯಗಳಲ್ಲಿ ಸೇರಿ ಸುಮಾರು ಮೂರೂವರೆ ಲಕ್ಷ ಜನರ ಕತ್ತಿಗೆ ಮೀಟರು ಹಿಡಿದು ನೋಡಿದರು. ಗಡಿಬಿಡಿಯಲ್ಲಿ ನಡೆದ ಕೆಲಸ. ಕೆಲವು ಮೀಟರುಗಳು ಇಂಥ ಕೆಲಸಕ್ಕೆಂದು ಮಾಡಿದವೇ ಅಲ್ಲ. ಮಗುವಿನ ಅಂಗಿಗೆ, ಚರ್ಮಕ್ಕೆ ಅಂಟಿದ ಧೂಳೂ ಮೀಟರಿನ ಮುಳ್ಳನ್ನು ಎತ್ತುತ್ತಿತ್ತು. ಅದನ್ನು ಕಳೆದು ಲೆಕ್ಕ ಹಾಕಬೇಕು. ಆದರೂ ಆ ಹಳ್ಳಿಗಳಿಗೆ ಹೋಗಿ ಸಾಲಾಗಿ ನಿಂತ ಮಕ್ಕಳ ಕತ್ತಿಗೆ ಮೀಟರು ಹಿಡಿದವರಿಗೆ ನಾನು ಕೈ ಮುಗಿಯುತ್ತೇನೆ. ಅವರು ಬರೆದಿಟ್ಟ ಅಂಕಿಗಳಿಲ್ಲದಿದ್ದರೆ ಮುಂದಿನದೆಲ್ಲ ಬರೀ ಊಹೆಯಾಗುತ್ತಿತ್ತು.

ಹಾಗಿದ್ದ ಮೇಲೆ ತಾಯಂದಿರನ್ನು ಕೇಳುವುದೇಕೆ? ನಾನೂ ಇದನ್ನೇ ಕೇಳಿದೆ. ನಮ್ಮ ಟೀಚರು ಬೋರ್ಡಿನ ಮೇಲೆ ಗೆರೆ ಎಳೆದು ತೋರಿಸಿದರು. ಮೇ 20ಕ್ಕೆ ಕತ್ತಿನಲ್ಲಿ ಇಷ್ಟಿತ್ತು ಎಂದು ಮೀಟರು ಹೇಳುತ್ತದೆ, ಅಷ್ಟೆ. ಮೊದಲ ದಿನವೇ ಒಂದೇ ಸಲ ಬಹಳ ಬಂದು ಇಳಿಯುತ್ತಾ ಇಷ್ಟಕ್ಕೆ ಬಂದಿದೆಯೋ, ದಿನಾ ಸ್ವಲ್ಪ ಸ್ವಲ್ಪ ಬಂದು ಕೂಡಿದೆಯೋ, ಅದು ಹೇಳುವುದಿಲ್ಲ. ಮೊದಲನೆಯದಾದರೆ ಒಟ್ಟು ಏಟು ಒಂದು ಥರ, ಎರಡನೆಯದಾದರೆ ಇನ್ನೊಂದು ಥರ. ಆ ಗೆರೆಯನ್ನು ಹಿಂದಕ್ಕೆ ಎಳೆಯಬೇಕಾದರೆ ಮಗು ಆಗ ಎಲ್ಲಿತ್ತು, ಏನು ಕುಡಿಯಿತು, ಯಾವಾಗ ನಿಲ್ಲಿಸಿತು ಎಂಬ ಕಥೆ ಬೇಕು. ಕಥೆ ತಾಯಿಯ ಹತ್ತಿರ ಇದೆ. ಇನ್ನು ಮೀಟರೇ ಹಿಡಿಯದ ಲಕ್ಷಾಂತರ ಮಕ್ಕಳ ಪಾಲಿಗಂತೂ ಊರಿನ ಮಣ್ಣಿನ ಲೆಕ್ಕ ಒಂದು, ತಾಯಿಯ ಮಾತು ಒಂದು.

ನೆನಪಿನಿಂದ ಲೆಕ್ಕ ತೆಗೆಯುವುದು ಎಂಥ ಕೆಲಸ ಎಂದು ಮೇಷ್ಟ್ರುಗಳಾದ ನಮಗೆ ಸ್ವಲ್ಪ ಗೊತ್ತು. ಜನಗಣತಿಗೆ ಮನೆಮನೆ ತಿರುಗುವವರು ನಾವೇ ತಾನೆ? 2001ರ ಗಣತಿಯಲ್ಲಿ ಒಬ್ಬ ಅಜ್ಜಿಯನ್ನು ವಯಸ್ಸೆಷ್ಟು ಎಂದು ಕೇಳಿದರೆ, "ನೀವೇ ಒಂದು ಬರ್ಕೊಳ್ಳಿ ಟೀಚರಮ್ಮಾ, ನಂಗೇನು ಗೊತ್ತು" ಎಂದು ನಕ್ಕಳು. ಮಗನ ವಯಸ್ಸು ಕೇಳಿದರೆ ಮಾತ್ರ, ಇಂದಿರಾ ಗಾಂಧಿ ಸತ್ತ ವರ್ಷ ಅವನು ಒಂದನೇ ಕ್ಲಾಸು ಎಂದು ಬೆರಳು ಮಡಿಸಿ ಹೇಳಿದಳು. ನಮ್ಮ ಹೆಂಗಸರ ಪಂಚಾಂಗ ಹಾಗೆಯೇ ಇರುವುದು. ತನ್ನದು ಮರೆತಿರುತ್ತದೆ, ಮಕ್ಕಳದು ನೆನಪಿರುತ್ತದೆ. ತಾರೀಖು ಮರೆತಿರುತ್ತದೆ, ಹಬ್ಬ ನೆನಪಿರುತ್ತದೆ. ಚೆರ್ನೋಬಿಲ್ ತಾಯಂದಿರಿಗೂ ಆ ವಾರಗಳಲ್ಲಿ ಹಬ್ಬಗಳು ಒತ್ತೊತ್ತಾಗಿ ಬಿದ್ದಿದ್ದವು. ಮೇ 1 ಕಾರ್ಮಿಕರ ದಿನ. ಆ ವರ್ಷ ಅವರ ಈಸ್ಟರ್ ಹಬ್ಬ ಮೇ 4ಕ್ಕೆ ಬಂದಿತ್ತು. ಮೇ 9 ಯುದ್ಧದಲ್ಲಿ ಗೆದ್ದ ದಿನ. ಈಸ್ಟರಿಗೆ ಅಜ್ಜಿಯ ಊರಿಗೆ ಹೋಗಿದ್ದೆವು, ಅಲ್ಲಿ ಹಸು ಇತ್ತು ಎಂದು ಒಬ್ಬ ತಾಯಿಗೆ ನೆನಪಿರಬಹುದು. ಆದರೆ ಎಷ್ಟು ಲೋಟ? ಹೋದ ತಿಂಗಳು ಇದೇ ತಾರೀಖಿಗೆ ನಮ್ಮ ಮನೆಯಲ್ಲಿ ಎಷ್ಟು ಲೀಟರ್ ಹಾಲು ಖರ್ಚಾಯಿತು ಎಂದು ಕೇಳಿದರೆ ನನಗೆ ಹೇಳಲಾಗದು. ಹಾಲಿನವನ ಚೀಟಿ ನೋಡಿ ಹೇಳಬೇಕು. ಅಳತೆಯೂ ಅಷ್ಟೆ. ಲೋಟ ಎಂದರೆ ನಮ್ಮ ಮನೆಯ ಲೋಟವೇ ಬೇರೆ, ಪಕ್ಕದ ಮನೆಯದೇ ಬೇರೆ. ಅಂಥವರನ್ನೇ ಕೆಲವು ವರ್ಷ ಬಿಟ್ಟು ಮತ್ತೆ ಕೇಳಿದಾಗ ಎರಡು ಉತ್ತರಗಳು ಎಲ್ಲ ಕಡೆ ತಾಳೆಯಾಗಲಿಲ್ಲ. ಇದರಲ್ಲಿ ಆಶ್ಚರ್ಯವೇನಿಲ್ಲ. "ನೆನಪಿಲ್ಲ" ಎಂದವರ ಲೆಕ್ಕದಲ್ಲಿ ಆ ಊರಿನ ಆ ವಯಸ್ಸಿನ ಮಕ್ಕಳ ಸರಾಸರಿಯನ್ನು ತುಂಬುತ್ತಾರೆ. ಅಂದರೆ ಒಬ್ಬಳ ಮರೆವನ್ನು ಅಕ್ಕಪಕ್ಕದ ತಾಯಂದಿರ ನೆನಪು ತುಂಬಿಕೊಡುತ್ತದೆ.

ಇಲ್ಲಿ ಒಂದು ಸೂಕ್ಷ್ಮವಿದೆ. ಕಾಯಿಲೆ ಬಂದ ಮಕ್ಕಳ ತಾಯಂದಿರನ್ನೂ ಬಾರದ ಮಕ್ಕಳ ತಾಯಂದಿರನ್ನೂ ಕೇಳಿ ಹೋಲಿಸುವ ಅಧ್ಯಯನಗಳಿವೆ. 2005ರಲ್ಲಿ ಪ್ರಕಟವಾದ ಅಂಥ ಒಂದರಲ್ಲಿ ಬೆಲಾರುಸ್ ಮತ್ತು ರಷ್ಯದ, ಕ್ಯಾನ್ಸರ್ ಬಂದ 276 ಜನರನ್ನೂ ಬಾರದ 1,300 ಜನರನ್ನೂ ಲೆಕ್ಕಕ್ಕೆ ತೆಗೆದುಕೊಂಡಿದ್ದರು. ಇಂಥ ಅಧ್ಯಯನ ಮಾಡುವವರಿಗೆಲ್ಲ ಒಂದು ಭಯವಿರುತ್ತದೆಯಂತೆ. ಕಾಯಿಲೆಯ ಮಗುವಿನ ತಾಯಿಗೆ ನೆನಪು ಹೆಚ್ಚು. ಅವಳು ಆ ವಾರವನ್ನು ರಾತ್ರಿ ನಿದ್ದೆ ಬಾರದೆ ನೂರು ಸಲ ತಿರುವಿಹಾಕಿರುತ್ತಾಳೆ. ಆ ಸಂಜೆ ಎರಡನೆಯ ಲೋಟ ಬೇಡವೆಂದು ಮಗು ಮುಖ ತಿರುಗಿಸಿತ್ತು, ನಾನೇ ಗದರಿಸಿ ಕುಡಿಸಿದೆ ಎನ್ನುವುದು ಅವಳಿಗೆ ನಿನ್ನೆಯಂತೆ ಕಾಣುತ್ತಿರುತ್ತದೆ. ಮಗು ಚೆನ್ನಾಗಿರುವ ತಾಯಿ ಆ ವಾರವನ್ನು ಉಳಿದ ವಾರಗಳ ಜೊತೆ ಎಂದೋ ಮರೆತಿರುತ್ತಾಳೆ. ಆದ್ದರಿಂದ ಒಬ್ಬಳ ಲೋಟ ಹೆಚ್ಚಾಗಿಯೂ ಇನ್ನೊಬ್ಬಳದು ಕಡಮೆಯಾಗಿಯೂ ಕಾಣಬಹುದು. ಲೆಕ್ಕದವರು ಇದನ್ನು ದೋಷ ಎನ್ನುತ್ತಾರೆ. ಅದನ್ನು ಕಳೆದು ನೋಡಲು ಉಪಾಯ ಮಾಡುತ್ತಾರೆ. ಅವರ ಕೆಲಸಕ್ಕೆ ಅದು ದೋಷವೇ ಸರಿ. ಆದರೆ ಹೆತ್ತವಳ ನೋವಿಗೆ ವಿಜ್ಞಾನದಲ್ಲಿ ಆ ಹೆಸರು ಬಂತಲ್ಲ ಎಂದು ಓದಿದಾಗ ನನಗೆ ಕಸಿವಿಸಿಯಾಯಿತು.

ಕೇಳುವವರು ಎಷ್ಟೇ ಮೆತ್ತಗೆ ಕೇಳಲಿ, "ಎಷ್ಟು ಲೋಟ ಕೊಟ್ಟಿರಿ" ಎನ್ನುವ ಮಾತಿನೊಳಗೆ "ನೀವು ಕೊಟ್ಟಿರಿ" ಎನ್ನುವುದು ಸೇರಿಕೊಂಡೇ ಇದೆ. ಆ ತಾಯಿಗೆ ಕೇಳಿಸುವುದು ಅದೇ. ನಮ್ಮಲ್ಲೂ ಮಗುವಿಗೆ ಜ್ವರ ಬಂದರೆ ಅತ್ತೆಯಿಂದ ಹಿಡಿದು ಅಂಗಡಿಯವನ ತನಕ ಎಲ್ಲರೂ ಕೇಳುವುದು ಒಂದೇ, "ಏನು ಕೊಟ್ಟೆ?" ಅಪ್ಪನನ್ನು ಹೀಗೆ ಯಾರೂ ಕೇಳುವುದಿಲ್ಲ. ಕಾರಣ ಬೇರೆ, ತಪ್ಪು ಬೇರೆ ಎಂದು ನಾವು ಬಿಡಿಸಿ ನೋಡುವುದೇ ಇಲ್ಲ. ಪೂತನಿ ಕೃಷ್ಣನಿಗೆ ಹಾಲೂಡಿಸಿದಳು, ಅವಳಿಗೆ ಗೊತ್ತಿತ್ತು. ಈ ತಾಯಂದಿರಿಗೆ ಗೊತ್ತಿರಲಿಲ್ಲ. ಗೊತ್ತಾಗದಂತೆ ಇನ್ಯಾರೋ ನೋಡಿಕೊಂಡಿದ್ದರು. ವಿಷ ಮಗುವಿನ ಬಾಯಿಗೆ ಹೋದದ್ದು ತಾಯಿಯ ಕೈಯಿಂದ, ಅದು ಕಾರಣದ ಸರಪಳಿಯಲ್ಲಿ ಕೊನೆಯ ಕೊಂಡಿ. ತಪ್ಪು ಹುಡುಕಬೇಕಾದರೆ ಮೇಲಿನ ಕೊಂಡಿಗಳಿಗೆ ಹೋಗಬೇಕು, ಏಪ್ರಿಲ್ 26ಕ್ಕೂ ಮೇ 6ಕ್ಕೂ ನಡುವಿನ ಹತ್ತು ದಿನಗಳಲ್ಲಿ ಬಾಯಿ ಮುಚ್ಚಿಕೊಂಡಿದ್ದವರ ಹತ್ತಿರ. ಆದರೆ ಪ್ರಶ್ನಾವಳಿ ಹಿಡಿದು ಅವರ ಮನೆಗೆ ಯಾರು ಹೋದರು? ನೀವು ಆ ವಾರ ದಿನಕ್ಕೆ ಎಷ್ಟು ಸಲ ಸುಮ್ಮನಿದ್ದಿರಿ ಎಂದು ಯಾರು ಕೇಳಿದರು?

ಇಷ್ಟೆಲ್ಲ ಹೇಳಿದ ಮೇಲೆ, ಕೇಳಲೇಬಾರದಿತ್ತು ಎಂದು ನಾನು ಹೇಳುತ್ತೇನೆ ಎಂದುಕೊಂಡಿರಾದರೆ, ಇಲ್ಲ. ಕೇಳದೆ ಹೋಗಿದ್ದರೆ ಏನಾಗುತ್ತಿತ್ತು ಎನ್ನುವುದಕ್ಕೂ ಸಾಕ್ಷಿಯಿದೆ. ಬೆಲಾರುಸಿನಲ್ಲಿ, ಅದರಲ್ಲೂ ಗೋಮೆಲ್ ಪ್ರಾಂತದಲ್ಲಿ, ಅಪಘಾತವಾದ ನಾಲ್ಕೇ ವರ್ಷಕ್ಕೆ ಪುಟ್ಟ ಮಕ್ಕಳಲ್ಲಿ ಥೈರಾಯ್ಡ್ ಕ್ಯಾನ್ಸರ್ ಹೆಚ್ಚತೊಡಗಿತು. ಅದು ಮಕ್ಕಳಿಗೆ ಬಹಳ ಅಪರೂಪವಾಗಿ ಬರುವ ಕಾಯಿಲೆ. ಡಾ. ಕಜಕೋವ್, ಡಾ. ದೆಮಿದ್‌ಚಿಕ್, ಡಾ. ಅಸ್ತಾಖೋವಾ ಎಂಬ ಅಲ್ಲಿನ ವೈದ್ಯರು 1992ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆಗೆ ಬರೆದು ತಿಳಿಸಿದರು. ಹೊರಗಿನ ಪಂಡಿತರಲ್ಲಿ ಎಷ್ಟೋ ಜನ ನಂಬಲಿಲ್ಲ. ಇಷ್ಟು ಬೇಗ ಬರುವುದಿಲ್ಲ, ಹೆಚ್ಚು ಹುಡುಕಿದ್ದರಿಂದ ಹೆಚ್ಚು ಸಿಕ್ಕಿದೆ ಅಷ್ಟೆ ಎಂದರು. ಇಂಥವರ ಬಾಯಿ ಕಟ್ಟಲು ಕಣ್ಣೀರು ಸಾಲದು, ಅಂಕಿ ಬೇಕು. ಹೆಚ್ಚು ಏಟು ತಿಂದ ಮಕ್ಕಳಿಗೆ ಕಾಯಿಲೆ ಹೆಚ್ಚು, ಕಡಮೆ ತಿಂದವರಿಗೆ ಕಡಮೆ ಎಂದು ತೋರಿಸಬೇಕಾದರೆ ಯಾರು ಎಷ್ಟು ತಿಂದರು ಎಂಬ ಅಂದಾಜಾದರೂ ಬೇಕಲ್ಲವೇ? ಉಕ್ರೇನಿನಲ್ಲಿ 1986ರಲ್ಲಿ ಹದಿನೆಂಟರ ಒಳಗಿದ್ದ, ಕತ್ತಿಗೆ ಮೀಟರು ಹಿಡಿಸಿಕೊಂಡಿದ್ದ ಸುಮಾರು 13,000 ಮಂದಿಯನ್ನು, ಬೆಲಾರುಸಿನಲ್ಲಿ ಸುಮಾರು 12,000 ಮಂದಿಯನ್ನು ಹುಡುಕಿ ಪರೀಕ್ಷಿಸಿದರು. ಉಕ್ರೇನಿನ ಮೊದಲ ಸುತ್ತಿನಲ್ಲಿ, 1998ರಿಂದ 2000ದವರೆಗೆ, 45 ಜನರಲ್ಲಿ ಕ್ಯಾನ್ಸರ್ ಸಿಕ್ಕಿತು. ವಿಕಿರಣದ ಏಟು ಏರಿದಂತೆಲ್ಲ ಕಾಯಿಲೆಯೂ ಏರಿದ್ದು ಅದರಲ್ಲಿ ನಿಚ್ಚಳವಾಗಿತ್ತು. ಆಮೇಲೆ ವಾದ ಮಾಡಲು ಯಾರಿಗೂ ಹೆಚ್ಚು ಉಳಿಯಲಿಲ್ಲ. ಆ ತಾಯಂದಿರ ತಡವರಿಕೆಯ ಉತ್ತರಗಳು ಅಲ್ಲಿ ಸಾಕ್ಷಿಯಾಗಿ ನಿಂತವು.

ಆದರೆ ಅಂಕಿ ಯಾರಿಗೆ ಏನನ್ನು ಹೇಳಬಲ್ಲದು? ವಿಶ್ವಸಂಸ್ಥೆಯ ವಿಕಿರಣ ಸಮಿತಿ 2018ರಲ್ಲಿ ಒಂದು ಲೆಕ್ಕ ಕೊಟ್ಟಿತು. ಅಪಘಾತವಾದಾಗ ಹದಿನೆಂಟರ ಒಳಗಿದ್ದವರಲ್ಲಿ, 1991ರಿಂದ 2015ರವರೆಗೆ, ಬೆಲಾರುಸ್, ಉಕ್ರೇನ್ ಮತ್ತು ರಷ್ಯದ ಪೀಡಿತ ಪ್ರದೇಶಗಳಲ್ಲಿ ಹತ್ತಿರ ಹತ್ತಿರ 20,000 ಥೈರಾಯ್ಡ್ ಕ್ಯಾನ್ಸರುಗಳು. ಅವುಗಳಲ್ಲಿ ಸುಮಾರು ಕಾಲು ಭಾಗ ವಿಕಿರಣದಿಂದ ಬಂದವು. ಉಳಿದವು ವಯಸ್ಸಾದಂತೆ ಹೇಗೂ ಬರುತ್ತಿದ್ದವು, ಇಲ್ಲವೇ ಯಂತ್ರ ಹಿಡಿದು ಹುಡುಕಿದ್ದರಿಂದ ಕಣ್ಣಿಗೆ ಬಿದ್ದವು. ಆ ಕಾಲು ಭಾಗದಲ್ಲಿ ಯಾರು ಯಾರು ಇದ್ದಾರೆ? ಅದನ್ನು ಯಾರೂ ಹೆಸರು ಹಿಡಿದು ಹೇಳಲಾರರು. ಒಂದೊಂದು ಮಗುವಿಗೂ ಒಂದೇ ಅಂಕಿ ಕೊಡದೆ, ಹೀಗಾದರೆ ಇಷ್ಟು ಹಾಗಾದರೆ ಅಷ್ಟು ಎಂದು ಸಾವಿರ ಸಾಧ್ಯತೆಗಳನ್ನು ಲೆಕ್ಕ ಹಾಕಿಟ್ಟಿದ್ದಾರೆ. ಪ್ರಾಮಾಣಿಕವಾದ ಕೆಲಸ. ಸಾವಿರಾರು ಮಕ್ಕಳನ್ನು ಒಟ್ಟಿಗೆ ನೋಡಿದರೆ ಹೆಚ್ಚು ಹೇಳಿದ ತಾಯಿಯ ತಪ್ಪೂ ಕಡಮೆ ಹೇಳಿದ ತಾಯಿಯ ತಪ್ಪೂ ಬಹುಮಟ್ಟಿಗೆ ಒಂದನ್ನೊಂದು ಸರಿತೂಗಿಸುತ್ತವೆ. ಆದರೆ ತಾಯಿಗೆ ಸಾವಿರ ಮಕ್ಕಳಿಲ್ಲ, ಇರುವುದು ಒಂದು. ಅವಳು ಕೇಳುವುದೂ ಒಂದೇ ಪ್ರಶ್ನೆ, ನನ್ನ ಮಗಳಿಗೆ ಇದು ಬಂದದ್ದು ಆ ಹಾಲಿನಿಂದಲೇ? ಲೋಟ ಲೋಟ ಲೆಕ್ಕ ಕೊಟ್ಟವಳಿಗೆ ಲೆಕ್ಕ ಹಾಕಿದವರು ಕೊಡಬಹುದಾದ ಸತ್ಯವಾದ ಉತ್ತರ, ಇರಬಹುದು, ಇಲ್ಲದಿರಬಹುದು. ನಾವು ನಿಮ್ಮಿಂದ ತೆಗೆದುಕೊಂಡದ್ದರಿಂದ ಜಗತ್ತಿಗೆ ಉಪಯೋಗವಾಗುತ್ತದೆ, ನಿಮಗೆ ಮಾತ್ರ ಈ ಉತ್ತರಕ್ಕಿಂತ ಹೆಚ್ಚಿನದನ್ನು ಕೊಡಲಾಗದು ಎಂದು ಕೇಳುವ ಮೊದಲೇ ಹೇಳಿಬಿಡುವುದು ಧರ್ಮ ಎಂದು ನನಗನ್ನಿಸುತ್ತದೆ. ಜೊತೆಗೆ ಇನ್ನೊಂದು ಮಾತನ್ನೂ ಹೇಳಬೇಕು: ನೀವು ಕೊಟ್ಟದ್ದು ಹಾಲು, ಅದರೊಳಗೆ ವಿಷ ಬಿಟ್ಟದ್ದು ನೀವಲ್ಲ. ಈ ಎರಡು ಮಾತು ಹೇಳಿ ಆಮೇಲೆ ಕಾಗದ ಬಿಚ್ಚುವವರು ಕೇಳಬಹುದು. ಹೇಳದೆ ಕೇಳುವವರು, ಅವರ ಲೆಕ್ಕ ಎಷ್ಟೇ ಸರಿಯಿರಲಿ, ಆ ಮನೆಯಿಂದ ಏನನ್ನೋ ಹೇಳದೆ ಎತ್ತಿಕೊಂಡು ಹೋದಂತೆ.

ಇದು ರಷ್ಯದ ಕಡೆಯವರ ಕಥೆ ಮಾತ್ರ ಎಂದುಕೊಳ್ಳುವಂತಿಲ್ಲ. ಅಮೆರಿಕದ ಹ್ಯಾನ್‌ಫರ್ಡ್ ಎಂಬಲ್ಲಿ ಬಾಂಬಿಗೆ ಪ್ಲುಟೋನಿಯಂ ತಯಾರಿಸುವಾಗ 1944ರಿಂದ ಹಲವು ವರ್ಷ ಅಯೋಡಿನ್-131 ಗಾಳಿಗೆ ಹೋಗುತ್ತಿತ್ತು. 1949ರ ಡಿಸೆಂಬರಿನಲ್ಲಿ ಒಂದು ಸಲ ಬೇಕೆಂದೇ ಬಿಟ್ಟರು. ಸುತ್ತಲಿನ ಜನಕ್ಕೆ ಇದು ತಿಳಿದದ್ದು 1986ರಲ್ಲಿ ಸರ್ಕಾರಿ ಕಾಗದಗಳು ಹೊರಬಿದ್ದಾಗ. ಆಮೇಲೆ ಅಲ್ಲಿಯೂ ಮುದಿ ತಾಯಂದಿರನ್ನು ಕೇಳಿದರು, ನಲವತ್ತು ಐವತ್ತು ವರ್ಷದ ಹಿಂದಿನ ಹಾಲಿನ ಲೆಕ್ಕ. 3,440 ಜನರನ್ನು ಪರೀಕ್ಷಿಸಿದ ಆ ಅಧ್ಯಯನದಲ್ಲಿ, ವಿಕಿರಣ ಹೆಚ್ಚಾದಂತೆ ಥೈರಾಯ್ಡ್ ಕಾಯಿಲೆ ಹೆಚ್ಚಾದದ್ದು ಕಾಣಲಿಲ್ಲ. ಅಲ್ಲಿಯ ಜನಕ್ಕೆ ಸಿಟ್ಟು ಬಂತು. ಬರದೆ ಏನು? ನಲವತ್ತು ವರ್ಷ ಮುಚ್ಚಿಟ್ಟವರು, ಹೆಜ್ಜೆ ಗುರುತೆಲ್ಲ ಅಳಿಸಿದ ಮೇಲೆ ಹುಡುಕಿ, ಕಳ್ಳ ಸಿಗಲಿಲ್ಲ ಎಂದರೆ ಮನೆಯವರು ಹೇಗೆ ಒಪ್ಪುತ್ತಾರೆ? ಅಧ್ಯಯನ ಮಾಡಿದ ವಿಜ್ಞಾನಿಗಳು ಪ್ರಾಮಾಣಿಕರೇ ಇರಬಹುದು. ಆದರೆ ಬಚ್ಚಿಟ್ಟವರ ಸಾಲವನ್ನು ಅವರು ತೀರಿಸಲಾರರು.

2011ರ ಮಾರ್ಚಿನಲ್ಲಿ ಜಪಾನಿನ ಫುಕುಶಿಮಾದಲ್ಲಿ ಅಪಘಾತವಾದಾಗ ಹಾಲನ್ನು ಬೇಗನೆ ತಡೆದರು. ಅಲ್ಲಿನ ಮಕ್ಕಳಿಗೆ ಬಿದ್ದ ಏಟು ಚೆರ್ನೋಬಿಲ್ ಮಕ್ಕಳದಕ್ಕಿಂತ ಎಷ್ಟೋ ಕಡಮೆ. ಸಮಾಧಾನದ ಸಂಗತಿಯೇ. ಆದರೆ ಆ ತಿಂಗಳ ಕೊನೆಯಲ್ಲಿ ಸರ್ಕಾರದ ಕಡೆಯಿಂದ ಕತ್ತಿಗೆ ಮೀಟರು ಹಿಡಿದು ಅಳೆದ ಮಕ್ಕಳು ಎಷ್ಟು ಗೊತ್ತೇ? ಲೆಕ್ಕಕ್ಕೆ ಸಿಕ್ಕಿದ್ದು 1,080. ಸೋವಿಯತ್ ಕಾಲದ ಹಳೇ ಮೀಟರುಗಳಲ್ಲಿ ಮೂರೂವರೆ ಲಕ್ಷ. ಯಂತ್ರಗಳ ತವರಾದ ಜಪಾನಿನಲ್ಲಿ ಸಾವಿರದ ಎಂಬತ್ತು. ಆಮೇಲೆ ಸುಮಾರು ಮೂರು ಲಕ್ಷ ಮಕ್ಕಳ ಕತ್ತಿಗೆ ಅಲ್ಟ್ರಾಸೌಂಡ್ ಮಾಡಿದರು. ಸಿಕ್ಕ ಗಂಟುಗಳು ವಿಕಿರಣದಿಂದ ಬಂದವಲ್ಲ, ಹುಡುಕಿದ್ದರಿಂದ ಸಿಕ್ಕವು ಎನ್ನುವುದು ವಿಶ್ವಸಂಸ್ಥೆಯ ಸಮಿತಿಯ ಅಭಿಪ್ರಾಯ. ಅದು ನಿಜವೇ ಇರಬಹುದು. ಎಂಟು ದಿನದ ಆ ಅಯೋಡಿನ್ ಕತ್ತಿನಲ್ಲಿದ್ದಾಗಲೇ ಇನ್ನಷ್ಟು ಮಕ್ಕಳಿಗೆ ಮೀಟರು ಹಿಡಿದಿದ್ದರೆ, ಅದನ್ನು ಆ ತಾಯಂದಿರಿಗೆ ನಂಬಿಸುವುದು ಎಷ್ಟು ಸುಲಭವಾಗುತ್ತಿತ್ತು!

ನಮ್ಮ ಉತ್ತರ ಕನ್ನಡದ ಕೈಗಾದಲ್ಲಿ 2000ನೇ ಇಸವಿಯಿಂದ ಅಣುವಿದ್ಯುತ್ ತಯಾರಾಗುತ್ತಿದೆ. ಸುತ್ತಲಿನ ಊರುಗಳ ನೀರು, ಮಣ್ಣು, ಹಾಲನ್ನು ತರಿಸಿ ಪರೀಕ್ಷಿಸುವ ಪ್ರಯೋಗಾಲಯವೂ ಅಲ್ಲಿದೆ. ಯಾರನ್ನೂ ಹೆದರಿಸುವುದು ನನ್ನ ಉದ್ದೇಶವಲ್ಲ. ಭೂಕಂಪ ಬಂದರೆ ಮೇಜಿನ ಕೆಳಗೆ ಕೂರಬೇಕು, ಬೆಂಕಿ ಬಿದ್ದರೆ ನೆಲಕ್ಕೆ ಉರುಳಬೇಕು ಎಂದು ಮಕ್ಕಳಿಗೆ ಹೇಳಿಕೊಡುವಾಗ, ಅಣುಸ್ಥಾವರದಲ್ಲಿ ಅವಘಡವಾಯಿತೆಂದು ಕೇಳಿದರೆ ಮೊದಲು ಹೊಸ ಹಾಲು ನಿಲ್ಲಿಸಿ, ಹಳೆಯ ಹಾಲಿನ ಪುಡಿ ಕೊಡಿ ಎನ್ನುವ ಒಂದು ಸಾಲನ್ನೂ ಪಾಠದಲ್ಲಿ ಸೇರಿಸಬಾರದೇ ಎಂದು ಮೊನ್ನೆ ವಿಜ್ಞಾನದ ಟೀಚರನ್ನು ಕೇಳಿದೆ. "ಸಿಲಬಸ್ಸಿನಲ್ಲಿ ಇಲ್ಲವಲ್ಲ ಮೇಡಂ" ಎಂದರು. ಆದರೆ ಮಾರನೆಯ ದಿನ ಒಂಬತ್ತನೇ ತರಗತಿಯ ಕಿಟಕಿಯ ಪಕ್ಕ ಹಾದುಹೋಗುವಾಗ ಬೋರ್ಡಿನ ಮೇಲೆ ಹುಲ್ಲು, ಹಸು, ಲೋಟ, ಒಂದು ಕತ್ತು, ನಡುವೆ ಬಾಣದ ಗುರುತುಗಳು ಕಂಡವು. ಹಸುವನ್ನು ಬರೆದವರು ಯಾರೋ, ಎಮ್ಮೆಯ ಹಾಗಿತ್ತು. ಹುಡುಗಿಯರು ಮುಸಿಮುಸಿ ನಗುತ್ತಾ ಅದನ್ನೇ ನೋಟ್ ಪುಸ್ತಕಕ್ಕೆ ಇಳಿಸಿಕೊಳ್ಳುತ್ತಿದ್ದರು.